ಮಂಡಕ್ಕಿ ಡಬ್ಬಿಯಲ್ಲಿ ಬಂದ ಫೋನು

ಮಳೆಗಾಲ ಶುರುವಾಯಿತೆಂದರೆ ನನ್ನ ಸಿಟ್ಟೂ ಶುರುವಾಗುತ್ತದೆ. ಶಿರಾಳಕೊಪ್ಪದ ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ, ಬೇಕರಿಗೂ ಗೊಬ್ಬರದ ಅಂಗಡಿಗೂ ನಡುವೆ ಒತ್ತಿಕೊಂಡಿರುವ ನನ್ನ ಮೊಬೈಲ್ ರಿಪೇರಿ ಅಂಗಡಿಗೆ ಆಗ ಬರುವುದೆಲ್ಲ ನೀರು ಕುಡಿದ ಫೋನುಗಳೇ. ಗದ್ದೆಗೆ ಬಿದ್ದದ್ದು, ಬಾವಿಕಟ್ಟೆಯಿಂದ ಜಾರಿದ್ದು, ಜೇಬಿನಲ್ಲೇ ಉಳಿದು ಬಟ್ಟೆಯ ಜೊತೆ ಒಗೆಸಿಕೊಂಡದ್ದು. ಬಿದ್ದದ್ದಕ್ಕೆ ನನಗೆ ಸಿಟ್ಟಿಲ್ಲ, ಕೈಯಲ್ಲಿರುವ ವಸ್ತು ಒಂದಲ್ಲ ಒಂದು ದಿನ ಬೀಳುತ್ತದೆ. ಬಿದ್ದ ಮೇಲೆ ಮನೆಯವರು ಮಾಡುವ ಉಪಚಾರ ಇದೆಯಲ್ಲ, ಅದನ್ನು ಕೇಳಿದರೆ ಪಿತ್ತ ನೆತ್ತಿಗೇರುತ್ತದೆ. ಒಬ್ಬರು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟು, ಚಾರ್ಜರ್ ತೂತಿನ ತುಂಬ ನುಚ್ಚು ತುಂಬಿಸಿಕೊಂಡು ಬರುತ್ತಾರೆ. ಇನ್ನೊಬ್ಬರು ಒಲೆಯ ಕಟ್ಟೆಯ ಮೇಲೆ ಒಣಗಿಸಿ, ಹಿಂದಿನ ಮುಚ್ಚಳ ಹಪ್ಪಳದ ಹಾಗೆ ಎದ್ದುಬಂದದ್ದನ್ನು ಮುಂದಿಟ್ಟು, "ಸ್ವಲ್ಪ ಬಿಸಿ ತಾಗೈತೆ ನೋಡ್ರೀ ಮೇಡಂ" ಎನ್ನುತ್ತಾರೆ. ಬದುಕಿದೆಯೋ ಇಲ್ಲವೋ ಎಂದು ಮತ್ತೆ ಮತ್ತೆ ಬಟನ್ ಒತ್ತಿ ನೋಡುವುದನ್ನಂತೂ ಎಲ್ಲರೂ ಮಾಡುತ್ತಾರೆ. ಒದ್ದೆಯಾದ ಫೋನನ್ನು ಆಫ್ ಮಾಡಿ ಸುಮ್ಮನೆ ಬಿಟ್ಟು ಬೇಗ ನನ್ನ ಹತ್ತಿರ ತಂದರೆ ಸಾಕು. ಅದೊಂದನ್ನು ಬಿಟ್ಟು ಮಿಕ್ಕೆಲ್ಲ ಮಾಡಿರುತ್ತಾರೆ.

"ಅಕ್ಕಿಯಲ್ಲಿ ಇಟ್ಟ ಫೋನಿಗೆ ಅಂಗಡಿ ಜವಾಬ್ದಾರಿಯಲ್ಲ" ಎಂದು ಬೋರ್ಡ್ ಬರೆಸಿ ನೇತುಹಾಕಿದ್ದೇನೆ. ಜನ ಅದನ್ನು ಓದಿ ನಗುತ್ತಾರೆ, ನಕ್ಕ ಮೇಲೆ ತಾವೂ ಅಕ್ಕಿಯಲ್ಲಿ ಇಟ್ಟದ್ದನ್ನು ಮೆಲ್ಲಗೆ ಹೇಳುತ್ತಾರೆ. ಮೈತ್ರಿಯ ಬಾಯಿ ಜೋರು ಎಂದು ಪೇಟೆಯಲ್ಲಿ ನನಗೆ ಹೆಸರಿದೆ, ಅದಕ್ಕೆ ನನಗೇನೂ ಬೇಸರವಿಲ್ಲ. ಆದರೆ ಬೈದು, ಬೈದದ್ದಕ್ಕೆ ನಾನೇ ಒಳಗೊಳಗೆ ಕುಗ್ಗಿದ್ದು ಒಬ್ಬಳ ವಿಷಯದಲ್ಲಿ. ಅವಳು ಸೊರಬದ ಕಡೆಯ ಹೊಸಬಾಳೆಯ ಬಸಕ್ಕ.

ಬಸಕ್ಕನದು ಕೂಲಿ ಹೆಂಗಸರ ಒಂದು ಗುಂಪು. ನಾಟಿ, ಕಳೆ, ಜೋಳ ಮುರಿಯುವುದು, ಶುಂಠಿ ಕೀಳುವುದು, ಯಾವ ಕೆಲಸವಾದರೂ ಗದ್ದೆಯವರು ಬಸಕ್ಕನಿಗೆ ಒಂದು ಮಾತು ಹೇಳಿದರೆ ಆಯಿತು. ಬೆಳಿಗ್ಗೆ ಲಗೇಜ್ ಆಟೋದ ತುಂಬ ಹೆಂಗಸರು ಬಂದು ಇಳಿಯುತ್ತಾರೆ. ಗುಂಪಿಗೆ ಅವಳು ಹಿರಿಯಳು, ಆದರೆ ಯಜಮಾನಿಯ ಹಾಗೆ ಬದುವಿನ ಮೇಲೆ ನಿಂತವಳಲ್ಲ. ಎಲ್ಲರ ಜೊತೆ ಬಗ್ಗಿ ಸಸಿ ಊರುತ್ತಾಳೆ, ಎಲ್ಲರಿಗಿಂತ ಜೋರಾಗಿ ಹಾಡುತ್ತಾಳೆ. ಹಾಡು ಚೆನ್ನಾಗಿರುತ್ತದೆ ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಗಂಡ ತೀರಿಕೊಂಡ ಮೇಲೆ, ಇರುವ ಒಬ್ಬ ಮಗಳನ್ನು ಓದಿಸಿ ಮದುವೆ ಮಾಡಿ ಕಳಿಸಿದ್ದು ಇದೇ ಕೆಲಸದಲ್ಲಿ. ತಾನು ಮಾತ್ರ ಒಂದಕ್ಷರ ಕಲಿತವಳಲ್ಲ.

ಫೋನು ಇಲ್ಲದ ಕಾಲದಲ್ಲಿ ಅವಳು ನಸುಕಿನಲ್ಲಿ ಎದ್ದು ಮನೆ ಮನೆಯ ಮುಂದೆ ನಿಂತು ಕೂಗುತ್ತಿದ್ದಳಂತೆ. ಫೋನು ಬಂದ ಮೇಲೆ ಕೂಗು ನಿಂತು ಮಿಸ್ಡ್ ಕಾಲ್ ಶುರುವಾಯಿತು. ಅದಕ್ಕೊಂದು ಕ್ರಮವಿದೆ. ಬೆಳಿಗ್ಗೆ ಬಸಕ್ಕ ಒಂದು ರಿಂಗು ಕೊಟ್ಟು ಕಟ್ ಮಾಡಿದರೆ, ಇವತ್ತು ಕೆಲಸ ಇದೆ, ಬುತ್ತಿ ಕಟ್ಟಿಕೋ ಎಂದರ್ಥ. ಬರುವವಳು ತಿರುಗಿ ಒಂದು ಮಿಸ್ಡ್ ಕಾಲ್ ಕೊಡಬೇಕು. ಬರಲಾಗದಿದ್ದರೆ ಸುಮ್ಮನಿರಬೇಕು. ಆಟೋ ಹೊರಟಾಗ ಬಸಕ್ಕ ಎರಡನೇ ರಿಂಗು ಕೊಡುತ್ತಾಳೆ, ಆಗ ಎದ್ದು ರಸ್ತೆಗೆ ಬರಬೇಕು. ಈಗ ಎಲ್ಲರಿಗೂ ತಿಂಗಳಿಡೀ ಮಾತಾಡುವಷ್ಟು ರೀಚಾರ್ಜ್ ಇದ್ದೇ ಇರುತ್ತದೆ, ಮಿಸ್ಡ್ ಕಾಲಿನ ಅಗತ್ಯವೇ ಇಲ್ಲ. ಹಾಗೆಂದು ನಾನು ಹೇಳಿದಾಗ ಬಸಕ್ಕ, "ಬೆಳಗಾಮುಂಚೆ ಫೋನ್ ಎತ್ತಿದ್ರೆ ಒಬ್ಬೊಬ್ಬಳು ಒಂದೊಂದು ಕಥೆ ಹೇಳ್ತಾಳೆ ಮಗಾ. ಆಮೇಲೆ ನೆಟ್ಟಿ ಮಾಡೋರು ಯಾರು?" ಎಂದಳು.

ಅವಳಿಗೆ ಟಚ್ ಫೋನು ಮಾರಿದವಳು ನಾನೇ. ಅಕ್ಷರ ಬಾರದವಳು ಹೆಸರು ಹುಡುಕುವುದು ಹೇಗೆ ಎಂದು ಯೋಚಿಸಿ, ಒಂದೊಂದು ನಂಬರಿಗೂ ಒಂದೊಂದು ಚಿತ್ರ ಹಾಕಿಕೊಟ್ಟಿದ್ದೆ. ಹೆಂಗಸರ ಮುಖ ಹಾಕೋಣವೆಂದರೆ ಒಪ್ಪಲಿಲ್ಲ. "ಸಣ್ಣ ಚಿತ್ರದಲ್ಲಿ ಎಲ್ಲರ ಮುಖಾನೂ ಒಂದೇ ಥರ ಕಾಣ್ತಾವೆ" ಎಂದು, ಊರಿಗೆ ಹೋಗಿ ತಾನೇ ಫೋಟೋ ಹೊಡೆದುಕೊಂಡು ಬಂದಳು. ಒಬ್ಬಳಿಗೆ ಅವಳ ಮನೆಯ ನೀಲಿ ಬಾಗಿಲು, ಒಬ್ಬಳಿಗೆ ದಾಸವಾಳದ ಗಿಡ, ಮಾತು ನಿಲ್ಲಿಸದ ಹಾಲಮ್ಮನಿಗೆ ಬಾಯಿ ತೆರೆದುಕೊಂಡು ನಿಂತ ಒಂದು ಆಡು. ಹಾಲಮ್ಮನಿಗೆ ಇವತ್ತಿಗೂ ಅದು ಗೊತ್ತಿಲ್ಲ. ಒಂದು ನಂಬರಿಗೆ ಮಾತ್ರ, ಗದ್ದೆಯ ಕೆಸರಿನಲ್ಲಿ ಊರಿದ ಒಂದು ಗೂಟದ ಫೋಟೋ ಕೊಟ್ಟಳು. ನಾಟಿಯಲ್ಲಿ ಸಾಲು ನೇರ ಬರಲೆಂದು ಎರಡು ತುದಿಗೂ ಗೂಟ ಊರಿ ಹಗ್ಗ ಎಳೆಯುತ್ತಾರಲ್ಲ, ಅಂಥದ್ದು. ಇದು ಯಾರು ಎಂದು ಕೇಳಿದೆ. "ಇರ್ಲಿ ಅದು" ಎಂದಳು. ಬಸಕ್ಕ ಅಷ್ಟು ಗಿಡ್ಡದಾಗಿ ಉತ್ತರ ಕೊಟ್ಟದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಕಳೆದ ವರ್ಷ ಪುಷ್ಯ ಮಳೆ ಹಿಡಿದಿದ್ದಾಗ, ಅದೇ ಬಸಕ್ಕ ಹಾಲಮ್ಮನನ್ನು ಕರೆದುಕೊಂಡು ಅಂಗಡಿಗೆ ಬಂದಳು. ಕಂಕುಳಲ್ಲಿ ಒಂದು ಪ್ಲಾಸ್ಟಿಕ್ ಡಬ್ಬಿ. ಮುಚ್ಚಳ ತೆಗೆದು ನನ್ನ ಮುಂದೆ ಇಟ್ಟಳು. ಒಳಗೆ ಮಂಡಕ್ಕಿ. ಮಂಡಕ್ಕಿಯ ನಡುವೆ ಫೋನು.

"ಏನಿದು ಬಸಕ್ಕಾ?"

"ನಾಗಪತಿಯವರ ಗದ್ದೇಲಿ ನೆಟ್ಟಿ ಇತ್ತು. ಬಗ್ಗಿದಾಗ ಸೊಂಟದ ಸಂಚಿ ಜಾರ್ತು. ನೋಡ್ಕಳೊದ್ರೊಳಗೆ ಹಿಂದಿನೋಳು ಮೆಟ್ಟಿ ಕೆಸರಿಗೆ ಹುಗಿದ್ಲು. ತೆಗ್ದು ಕಾಲುವೇಲಿ ಚೆಂದಾಗಿ ತೊಳ್ದೆ."

"ತೊಳೆದ್ಯಾ!"

"ಕೆಸರು ಹಂಗೇ ಬಿಡಾಕಾಗ್ತೈತಾ?"

"ಸರಿ. ಮಂಡಕ್ಕಿ ಎಂತಕೆ?"

"ಅಕ್ಕೀಲಿ ಇಡಬ್ಯಾಡಿ ಅಂತ ನೀನೇ ಬೋರ್ಡ್ ಹಾಕಿದೀಯಂತಲ್ಲ, ಹಾಲಮ್ಮ ಓದ್ಕಂಡು ಬಂದಿದ್ಲು. ಅದ್ಕೇ ಮಂಡಕ್ಕೀಲಿ ಇಟ್ಟೆ. ಮಂಡಕ್ಕಿ ಬಿಚ್ಚಿಟ್ರೆ ಗಳಿಗೇಲಿ ಮೆತ್ತಗಾಗಲ್ವಾ? ನೀರು ಎಳೀತೈತೆ ಅಂತ ತಾನೇ?"

ನನ್ನ ಬೋರ್ಡೇ ನನಗೆ ತಿರುಗಿ ಬಂದಿತ್ತು. ಅವಳ ಲೆಕ್ಕಾಚಾರದಲ್ಲಿ ತಪ್ಪೂ ಇರಲಿಲ್ಲ, ಅಕ್ಕಿಗಿಂತ ಮಂಡಕ್ಕಿ ಬೇಗ ತೇವ ಎಳೆಯುತ್ತದೆ. ಆದರೆ ನಮ್ಮ ಕಡೆಯ ಭಟ್ಟಿಗಳಲ್ಲಿ ಹುರಿಯುವ ಮೊದಲು ಅಕ್ಕಿಗೆ ಉಪ್ಪುನೀರು ತಾಗಿಸುತ್ತಾರೆ. ಆ ಉಪ್ಪಿನ ಪುಡಿ ಒದ್ದೆ ಫೋನಿನ ಸಂದಿಗೊಂದಿಗೆಲ್ಲ ಇಳಿದಿತ್ತು. ನೀರಾದರೆ ಒಣಗಿ ಹೋಗುತ್ತದೆ, ಉಪ್ಪು ಅಲ್ಲೇ ಕೂತು ತೇವ ಹಿಡಿದುಕೊಂಡು ತಾಮ್ರವನ್ನು ತಿನ್ನುತ್ತದೆ. ಮೇಲಿಂದ ಇವಳು ಎದ್ದಾಗ, ಉಂಡಾಗ, ಗದ್ದೆಯಿಂದ ಬಂದಾಗೆಲ್ಲ ಬಟನ್ ಒತ್ತಿ ಒತ್ತಿ ನೋಡಿದ್ದಳು.

ನಾನು ಬೈದೆ. ಅಂಗಡಿ ಮುಂದೆ ಬಸ್ಸಿಗೆ ಕಾಯುತ್ತಿದ್ದವರು ತಿರುಗಿ ನೋಡುವಷ್ಟು ಬೈದೆ. ಬಸಕ್ಕ ಎಲ್ಲ ಮುಗಿದ ಮೇಲೆ, "ನಾಳೆ ಬೆಳಿಗ್ಗೆ ಒಳಗೆ ಆಗ್ಬೇಕು ಮಗಾ" ಎಂದಳು.

ಸಿಮ್ ತೆಗೆದು, "ಇದನ್ನ ನನ್ನ ಹಳೇ ಫೋನಿಗೆ ಹಾಕಿ ಕೊಡ್ತೀನಿ. ಅಲ್ಲೀ ತನಕ ಅದ್ರಲ್ಲಿ ಮಾತಾಡು" ಎಂದೆ. ಅವಳು ಥಟ್ಟನೆ ಸಿಮ್ಮನ್ನು ನನ್ನ ಕೈಯಿಂದ ತೆಗೆದುಕೊಂಡಳು. ಬೇರೆ ಫೋನಿಗೆ ಹಾಕಿದರೆ ಇದರಲ್ಲಿರುವ ಚಿತ್ರಗಳು ಹೋಗಿಬಿಡುತ್ತವೆ ಎಂಬುದು ಅವಳ ಹೆದರಿಕೆ. ಚಿತ್ರ ಇರುವುದು ಸಿಮ್ಮಿನಲ್ಲಲ್ಲ, ಫೋನಿನ ಒಳಗೆ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಇಂಟರ್ನೆಟ್ ಹಾಕಿದ್ದರೆ ನಂಬರುಗಳು ಇನ್ನೊಂದು ಕಡೆಯೂ ಉಳಿದಿರುತ್ತಿದ್ದವು. ಅದು ದುಡ್ಡು ತಿನ್ನುತ್ತದೆ ಎಂದು ಅವಳು ಅದನ್ನು ಒಮ್ಮೆಯೂ ಹಾಕಿದವಳಲ್ಲ. ಸಿಮ್ಮನ್ನು ಸೆರಗಿಗೆ ಒರೆಸಿ, ಸೆರಗಿನ ಚುಂಗಿಗೆ ಕಟ್ಟಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಬೆಳಿಗ್ಗೆ ಹೆಂಗಸರನ್ನ ಹೆಂಗೆ ಕರೀತೀಯ ಮತ್ತೆ?" ಎಂದೆ.

ಹಾಲಮ್ಮ ಬಾಯಿ ಹಾಕಿದಳು. "ಎಲ್ರೂ ನಮ್ಮೂರೋರೇ ಅಲ್ವಾ, ಇವತ್ತು ಮನೆ ಮನೆಗೆ ಹೋಗಿ ಕೂಗಿದ್ಲು. ಎಲ್ಲ ಬಂದ್ರು. ಫೋನಿಲ್ದಿದ್ರೆ ಏನೂ ನಿಲ್ಲಲ್ಲ ಕಣ್ರೀ. ಇವಳಿಗೇ ಎಂತಾ ಅವಸರನೋ."

ಬಸಕ್ಕ ಅವಳತ್ತ ನೋಡಿದ ನೋಟಕ್ಕೆ ಹಾಲಮ್ಮನಂಥ ಹಾಲಮ್ಮನೂ ಸುಮ್ಮನಾದಳು. ಎಲ್ಲರೂ ಬಂದಿದ್ದರೆ ಈ ಅವಸರ ಯಾರಿಗಾಗಿ ಎಂದು ನನಗೆ ಆಗಲೇ ಅನ್ನಿಸಿತು. ಕೇಳಲಿಲ್ಲ.

ಅವರು ಹೋದ ಮೇಲೆ ಫೋನು ಬಿಚ್ಚಿದೆ. ಬ್ಯಾಟರಿಯ ವೈರು ಕಳಚಿ, ಬೋರ್ಡನ್ನು ಹೊರಗೆ ತೆಗೆದು ಭೂತಗನ್ನಡಿಯ ಕೆಳಗಿಟ್ಟರೆ, ಚಾರ್ಜಿಂಗ್ ಜಾಗದ ಸುತ್ತ ಹಸಿರು ಕಿಲುಬು. ಸಂದಿಯಲ್ಲಿ ಎರಡು ಮಂಡಕ್ಕಿ ಕಾಳು ನೆನೆದು ಅಂಟಿಕೊಂಡಿದ್ದವು. ಸ್ಪಿರಿಟ್ಟಿನಲ್ಲಿ ಅದ್ದಿ, ಮೆತ್ತನೆಯ ಬ್ರಶ್ಶಿನಿಂದ ಉಜ್ಜಿ, ಬ್ಲೋಯರ್ ಹಿಡಿದು ಒಣಗಿಸಿ, ಮತ್ತೆ ಅದ್ದಿ ಉಜ್ಜಿದೆ. ಈ ಕೆಲಸದಲ್ಲಿ ಅವಸರ ನಡೆಯುವುದಿಲ್ಲ. ಒಣಗಿತು ಎಂದು ನಾವು ಅಂದುಕೊಂಡ ಮೇಲೂ ಚಿಪ್ಪುಗಳ ಅಡಿಯಲ್ಲಿ ತೇವ ಉಳಿದಿರುತ್ತದೆ. ಅದಕ್ಕೇ ಬ್ಯಾಟರಿ ಹಾಕದೆ, ಬೋರ್ಡನ್ನು ಬಲ್ಬಿನ ಕೆಳಗಿಟ್ಟು ಬಾಗಿಲು ಹಾಕಿದೆ.

ಮರುದಿನ ಮಧ್ಯಾಹ್ನ ಬಸಕ್ಕ ಒಬ್ಬಳೇ ಬಂದಳು. ನಾಟಿಯ ದಿನಗಳಲ್ಲಿ ಅರ್ಧ ದಿನ ಬಿಟ್ಟು ಬಂದಿದ್ದಾಳೆಂದರೆ ಸಣ್ಣ ಮಾತಲ್ಲ. ಮೊಣಕಾಲವರೆಗೂ ಒಣಗಿದ ಕೆಸರಿತ್ತು. ನಾನು ಬೇರೆ ಬ್ಯಾಟರಿ ಹಾಕಿ ಬಟನ್ ಒತ್ತಿದೆ. ಫೋನು ಒಂದು ಸಲ ನಡುಗಿತು. ಬೆಳಕು ಬಂತು. ಕಂಪನಿಯ ಗುರುತು ಬಂದು, ಹೋಗಿ, ಚುಕ್ಕಿಗಳ ಬೀಗ ಬಂತು. ಬಸಕ್ಕ ಮುಂದೆ ಬಾಗಿ ಬೆರಳಿನಿಂದ ಗೆರೆ ಎಳೆದಳು. ಚಿತ್ರಗಳು ಒಂದರ ಕೆಳಗೊಂದು ತೆರೆದುಕೊಂಡವು. ನೀಲಿ ಬಾಗಿಲು, ದಾಸವಾಳ, ಆಡು. ನನಗೆ ಎಷ್ಟು ಖುಷಿಯಾಯಿತೆಂದರೆ, "ನೋಡಿದ್ಯಾ, ನೋಡಿದ್ಯಾ!" ಎಂದು ಕೂಗಿಬಿಟ್ಟೆ.

"ತಡಿ, ಮುಟ್ಟಬ್ಯಾಡ, ಮೊದ್ಲು ನಂಬರ್ ಎಲ್ಲ ತೆಗೆದಿಟ್ಕೋತೀನಿ" ಎನ್ನುತ್ತಿದ್ದ ಹಾಗೇ ಅವಳ ಬೆರಳು ಕೆಳಗೆ ಜಾರಿ ಗೂಟದ ಚಿತ್ರವನ್ನು ಹುಡುಕಿತ್ತು. ಒಳಗೆ ಸಿಮ್ಮಿಲ್ಲ ಎಂಬುದನ್ನೂ ಮರೆತು ಅದರ ಮೇಲೆ ಒತ್ತಿದಳು. ಅವಳು ಒತ್ತಿದ್ದರಿಂದ ಅಲ್ಲ, ಒಳಗೆ ಎಲ್ಲೋ ಉಳಿದಿದ್ದ ಉಪ್ಪು ತನ್ನ ಕೆಲಸ ಮುಗಿಸಿದ್ದರಿಂದ, ಪರದೆ ಕಪ್ಪಾಯಿತು. ಆಮೇಲೆ ನಾನು ಏನು ಮಾಡಿದರೂ ಅದು ಏಳಲಿಲ್ಲ. ಬೋರ್ಡು ಶಾರ್ಟ್ ಆಗಿ, ಬೆರಳು ಇಡಲಾಗದಷ್ಟು ಬಿಸಿಯಾಗಿತ್ತು.

ಬಸಕ್ಕನ ಬೆರಳು ಆ ಕಪ್ಪು ಗಾಜಿನ ಮೇಲೆ ಹಾಗೇ ಇತ್ತು.

"ಹೋತಾ?" ಎಂದಳು.

"ಹೋಯ್ತು ಬಸಕ್ಕಾ."

ಅವಳು ಅತ್ತುಬಿಡುತ್ತಾಳೇನೋ ಎಂದು ನನಗೆ ಗಾಬರಿಯಾಯಿತು. ಅಳಲಿಲ್ಲ. ಸ್ಟೂಲಿನ ಮೇಲೆ ಕೂತು, ಕೇಳದೆಯೇ ಹೇಳತೊಡಗಿದಳು.

ಗೂಟದ ಚಿತ್ರ ಗುತ್ಯಮ್ಮನದು. ಕ್ಯಾಸನೂರಿನ ಕಾಡಂಚಿನವಳು. ಬಸಕ್ಕನೂ ಅವಳೂ ಹರೆಯದಿಂದ ಒಂದೇ ಹಗ್ಗದ ಎರಡು ತುದಿ ಹಿಡಿದವರು. ಒಂದು ಸಾಲು ಊರಿ ಮುಗಿದ ಕೂಡಲೇ ಎರಡು ತುದಿಯವರೂ ಗೂಟ ಕಿತ್ತು, ಒಂದೇ ಅಳತೆ ಹಿಂದೆ ಸರಿದು, ಒಟ್ಟಿಗೆ ಊರಬೇಕು. ಒಬ್ಬಳು ತಡಮಾಡಿದರೆ ಇಡೀ ಗದ್ದೆಯ ಸಾಲು ಸೊಟ್ಟಗಾಗುತ್ತದೆ. "ಅವಳ ಕಡೆ ನೋಡಾದೇ ಬ್ಯಾಡಾಗಿತ್ತು ಮಗಾ. ಹಗ್ಗ ಹಿಡಿದ್ರೆ ಅವಳು ಎದ್ಳಾ, ಬಗ್ಗಿದ್ಳಾ ಅಂತ ಕೈಗೇ ಗೊತ್ತಾಗ್ತಿತ್ತು" ಎಂದಳು.

ಕೆಲವು ವರ್ಷಗಳ ಹಿಂದೆ, ಶುಂಠಿ ಕೀಳುವ ಕಾಲದಲ್ಲಿ, ಕಾಡಿನಲ್ಲಿ ಮಂಗ ಸತ್ತು ಬಿದ್ದಿದೆ ಎಂಬ ಸುದ್ದಿ ಹಬ್ಬಿತು. ಮಂಗನ ಕಾಯಿಲೆಯ ಹೆದರಿಕೆ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾದ್ದಿಲ್ಲ. ಗುತ್ಯಮ್ಮನ ಪಕ್ಕ ಆಟೋದಲ್ಲಿ ಕೂರುವುದಿಲ್ಲ ಎಂದು ಗುಂಪಿನ ಕೆಲವರು ಹಟ ಹಿಡಿದರು. ಕಾಡಿನ ಕಡೆಯವರನ್ನು ಕರೆತರಬೇಡಿ ಎಂದು ಶುಂಠಿಯವರೂ ಹೇಳಿ ಕಳಿಸಿದರು. ಬಸಕ್ಕ ಮುಂಚೆಯೇ ಒಂದು ಮಾತು ಹೇಳಿಬಿಡಬಹುದಿತ್ತು, ಬಾಯಿ ಬರಲಿಲ್ಲ. ಬೆಳಿಗ್ಗೆ ಎಂದಿನಂತೆ ರಿಂಗು ಹೋಗಿತ್ತು. ಆಟೋ ಕ್ಯಾಸನೂರಿನ ಕ್ರಾಸಿನಲ್ಲಿ ನಿಂತಾಗ ಗುತ್ಯಮ್ಮ ಬುತ್ತಿ ಹಿಡಿದು ಹತ್ತಲು ಬಂದಳು. ಬಸಕ್ಕ ಕೂತಲ್ಲಿಂದಲೇ, "ನೀನು ಈ ಸಲ ಮನೇಲಿರು ಗುತ್ತಿ" ಎಂದಳು. ಆಟೋ ಹೊರಟಿತು. ಅವಳು ಬುತ್ತಿ ಹಿಡಿದುಕೊಂಡು ಅಲ್ಲೇ ನಿಂತಿದ್ದಳು.

"ಆ ಕಾಯಿಲೆ ಕಾಡಿನ ಉಣುಗು ಹುಳ ಕಚ್ಚಿದ್ರೆ ಬರಾದಂತೆ, ಮನುಷ್ಯರಿಂದ ಮನುಷ್ಯರಿಗೆ ಬರಾದಲ್ವಂತೆ. ಆಮೇಲೆ ಆಸ್ಪತ್ರೆಯೋರು ಬಂದು ಹೇಳಿದ್ರು. ಹೇಳೋ ಹೊತ್ತಿಗೆ ಅವಳು ಮಾತು ಬಿಟ್ಟಾಗಿತ್ತು."

ಮಾತು ಬಿಡುವುದು ಎಂದರೆ ನಮ್ಮ ಹಳ್ಳಿಗಳಲ್ಲಿ ಆಟವಲ್ಲ. ಮದುವೆ ಮನೆಯಲ್ಲಿ ಎದುರಾದರೂ ಮುಖ ತಿರುಗಿಸುತ್ತಾರೆ. ಬಾವಿಕಟ್ಟೆಯಲ್ಲಿ ಒಬ್ಬರು ಹೋಗುವವರೆಗೆ ಇನ್ನೊಬ್ಬರು ಕೊಡ ಇಳಿಸುವುದಿಲ್ಲ. ಯಾರು ಮೊದಲು ಮಾತಾಡುತ್ತಾರೋ ಅವರು ಸೋತ ಹಾಗೆ. ಹೀಗೆ ಮಾತು ಬಿಟ್ಟುಕೊಂಡೇ ತೀರಿಹೋದ ಅಣ್ಣತಮ್ಮಂದಿರನ್ನು ನಾನು ನೋಡಿದ್ದೇನೆ. ಮಂಗನ ಕಾಯಿಲೆಗೆ ಡಾಕ್ಟರುಗಳು ಇಟ್ಟದ್ದು ಕ್ಯಾಸನೂರಿನ ಹೆಸರನ್ನೇ. ಊರಿನ ಹೆಸರನ್ನೇ ಒಂದು ಕಾಯಿಲೆಗೆ ಇಟ್ಟುಬಿಟ್ಟರೆ, ಆ ಊರಿನ ಜನ ಹೀಗೆ ಎಷ್ಟು ರಸ್ತೆಗಳ ಬದಿಯಲ್ಲಿ ನಿಂತಿದ್ದಾರೋ ಎಂದು ನನಗೆ ಅನ್ನಿಸಿತು. ಬಸಕ್ಕನ ಮೇಲೆ ಸಿಟ್ಟೂ ಬಂತು, ಅಯ್ಯೋ ಅಂತಲೂ ಅನ್ನಿಸಿತು.

ಅದಾದ ಮುಂದಿನ ಮಳೆಗಾಲದ ಮೊದಲ ನಾಟಿಯ ದಿನ ಬಸಕ್ಕ ಸಾಲಾಗಿ ಮಿಸ್ಡ್ ಕಾಲ್ ಕೊಡುತ್ತ, ಗುತ್ಯಮ್ಮನ ನಂಬರನ್ನೂ ಒತ್ತಿಬಿಟ್ಟಳು. ಒಂದು ರಿಂಗು ಹೋಯಿತು, ಗಾಬರಿಯಾಗಿ ಕಟ್ ಮಾಡಿದಳು. ಸ್ವಲ್ಪ ಹೊತ್ತಿಗೆ ಅಲ್ಲಿಂದ ತಿರುಗಿ ಒಂದು ಮಿಸ್ಡ್ ಕಾಲ್ ಬಂತು. ಅವತ್ತಿನಿಂದ ಕೆಲಸವಿದ್ದ ಪ್ರತಿ ಬೆಳಿಗ್ಗೆ ಇವಳೊಂದು ಕೊಡುವುದು, ಅವಳೊಂದು ಕೊಡುವುದು. ಮಾತಿಲ್ಲ. ಮಿಸ್ಡ್ ಕಾಲು ಮಾತಲ್ಲವಲ್ಲ, ಹಾಗಾಗಿ ಯಾರೂ ಸೋತ ಹಾಗೂ ಆಗಲಿಲ್ಲ.

"ಅವಳೇನು ಬರಲ್ಲ. ತಿರುಗಿ ಕೊಡ್ತಾಳಲ್ಲ, ಅಷ್ಟೇ ಸಾಕಾಗಿತ್ತು ನಂಗೆ. ಇದಾಳೆ ಅಂತ ಆಗ್ತಿತ್ತು. ಈಗ ನನ್ ಕಡೆಯಿಂದ ಹೋಗಾದು ನಿಂತೈತೆ. ನೆಟ್ಟಿ ಟೈಮಲ್ಲಿ ನಿಂತೈತೆ. ಅವಳೇನು ತಿಳ್ಕಂತಾಳೆ? ಎರಡನೇ ಸಲನೂ ಬಿಟ್ಟು ಹೋದ್ಲು ಅಂದ್ಕಳಲ್ವಾ?" ಎಂದವಳ ಕಣ್ಣಲ್ಲಿ ಆಗ ನೀರು ಬಂತು.

ನಂಬರ್ ಬೇರೆ ಯಾರ ಹತ್ತಿರವಾದರೂ ಕೇಳಬಹುದಲ್ಲ ಎಂದೆ. ಕೇಳಿದರೆ ಹಾಲಮ್ಮನಿಗೆ ಗೊತ್ತಾಗುತ್ತದೆ, ಹಾಲಮ್ಮನಿಗೆ ಗೊತ್ತಾದರೆ ಸೊರಬಕ್ಕೆಲ್ಲ ಗೊತ್ತಾಗುತ್ತದೆ ಎಂದಳು. ಆ ಮಾತು ನಿಜವಾಗಿತ್ತು.

ನಾನು ಮೆಲ್ಲಗೆ, "ಸೆರಗಿನ ಗಂಟು ಬಿಚ್ಚು ಬಸಕ್ಕಾ. ಇದ್ರಲ್ಲಿ ಉಳಿಸ್ಕೊಳೋ ಚಿತ್ರ ಯಾವ್ದೂ ಇಲ್ಲ ಈಗ" ಎಂದೆ. ಅವಳು ಸ್ವಲ್ಪ ಹೊತ್ತು ಸತ್ತ ಫೋನನ್ನು ನೋಡಿದಳು. ಆಮೇಲೆ ಗಂಟು ಬಿಚ್ಚಿ ಸಿಮ್ಮನ್ನು ನನ್ನ ಅಂಗೈಯಲ್ಲಿ ಇಟ್ಟಳು.

ನನ್ನ ಹತ್ತಿರ ಗಿರಾಕಿಗಳಿಗೆ ಕೊಡಲೆಂದು ಇಟ್ಟ ಹಳೇ ಕೀಪ್ಯಾಡ್ ಫೋನೊಂದಿತ್ತು. ಅದರ ಕಿವಿಯ ಕಡೆಯ ಸ್ಪೀಕರ್ ಹೋಗಿ, ಮಾತು ಊರಿಗೆಲ್ಲ ಕೇಳುವ ಹಾಗೆ ಹಿಂದಿನಿಂದಲೇ ಬರುತ್ತಿತ್ತು. ಸಿಮ್ ಹಾಕಿದೆ. ಸಿಗ್ನಲ್ ಬಂದ ಕೂಡಲೇ ಮೆಸೇಜುಗಳು ಸುರಿಯತೊಡಗಿದವು. ಫೋನು ಆಫ್ ಇದ್ದಾಗ ಯಾರಾದರೂ ಕರೆ ಮಾಡಿದ್ದರೆ ಕಂಪನಿಯವರು ಕಳಿಸುವ ಮೆಸೇಜು ಅವು. ಓದುತ್ತಾ ಹೋದೆ. ಒಂದೇ ನಂಬರು. ನಿನ್ನೆ ಬೆಳಿಗ್ಗೆ, ನಿನ್ನೆ ಮಧ್ಯಾಹ್ನ, ಸಂಜೆ, ಇವತ್ತು ನಸುಕಿನಲ್ಲಿ, ಮತ್ತೆ, ಮತ್ತೆ.

"ಇದು ನಿಮ್ಮ ಗುಂಪಿನೋರದ್ದಾ?"

"ನಮ್ಮೋರಿಗೆಲ್ಲ ಫೋನ್ ಗದ್ದೆಗೆ ಬಿದ್ದಿದ್ದು ಗೊತ್ತೈತಲ್ಲ. ಅವರ್ಯಾರು ಮಾಡ್ತಾರೆ? ಮಗಳೂ ಹಾಲಮ್ಮನ ಫೋನಿಗೆ ಮಾಡಿದ್ಲು." ಹೇಳುತ್ತಾ ಹೇಳುತ್ತಾ ಅವಳ ಮುಖ ಬದಲಾಯಿತು. ಗೊತ್ತಿಲ್ಲದವಳು ಒಬ್ಬಳೇ ಎಂಬುದು ನನಗೂ ಅವಳಿಗೂ ಒಟ್ಟಿಗೇ ಹೊಳೆಯಿತು.

ಆ ನಂಬರನ್ನು ಪರದೆಯ ಮೇಲೆ ತಂದು ಫೋನು ಅವಳ ಕೈಗೆ ಕೊಟ್ಟು, ಹಸಿರು ಬಟನ್ ತೋರಿಸಿದೆ. "ಮಾತಾಡು" ಎಂದೆ. ಒತ್ತಿದಳು. ಒಂದು ರಿಂಗು ಹೋಯಿತು. ಅಷ್ಟರಲ್ಲಿ ಹೆಬ್ಬೆರಳು ತಾನಾಗಿ ಕೆಂಪು ಬಟನ್ನಿಗೆ ಹೋಗಿ ಕಟ್ ಮಾಡಿಬಿಟ್ಟಿತು. ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಅವಳು ಮಾತ್ರ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಾ ಕೂತಳು.

ತಿರುಗಿ ಬಂತು. ಒಂದು ರಿಂಗು. ಬಸಕ್ಕ ಅದು ನಿಲ್ಲಲಿ ಎಂದು ಕಾದಳು. ನಿಲ್ಲಲಿಲ್ಲ. ಇನ್ನೊಂದು ರಿಂಗು, ಮತ್ತೊಂದು. ಬಡಿಯುತ್ತಲೇ ಇತ್ತು. ಗೊಬ್ಬರದ ಅಂಗಡಿಯವರು ಕೂಡ ಇಣುಕಿ ನೋಡಿದರು. ಬಸಕ್ಕ ನನ್ನ ಮುಖ ನೋಡಿದಳು, ಏನು ಮಾಡಲಿ ಎಂಬ ಹಾಗೆ. ಗದ್ದೆಯ ತುಂಬ ಹೆಂಗಸರನ್ನು ಒಂದು ಕೂಗಿನಲ್ಲಿ ಎಬ್ಬಿಸುವವಳು ಆಗ ಸಣ್ಣ ಹುಡುಗಿಯ ಹಾಗೆ ಹೆದರಿದ್ದಳು. ನಾನೇ ಬಟನ್ ಒತ್ತಿದೆ.

"ಬದುಕಿದೀಯೇನೇ?" ಎಂದಿತು ಫೋನು. ಒಡಕು ದನಿ. ಸಿಟ್ಟೋ ಅಳುವೋ ತಿಳಿಯಲಿಲ್ಲ.

ಬಸಕ್ಕ ಫೋನನ್ನು ಬಾಯಿಯ ಹತ್ತಿರ ತಂದು, "ಫೋನು ಗದ್ದೆಗೆ ಬಿದ್ದಿತ್ತು" ಎಂದಳು.

"ನೀನು ಬಿದ್ಯೇನೋ ಅಂದ್ಕಂಡೆ. ಯಾರ್ನ ಕೇಳ್ಲಿ? ಬೆಳಗಿಂದ ಒಲೆ ಹಚ್ಚಿಲ್ಲ ನಾನು."

"ಗುತ್ತಿ..."

"ಎಂತ?"

"ಅವತ್ತು ಕ್ರಾಸಿನಲ್ಲಿ ನಾನು ಹಂಗೆ ಮಾಡಬಾರದಿತ್ತು. ತಪ್ಪಾತು ಕಣೇ."

ಲೈನು ಹೋಯಿತೇನೋ ಎಂದು ನಾನು ಫೋನಿನ ಪರದೆ ನೋಡಿದೆ. ಹೋಗಿರಲಿಲ್ಲ. ಆಮೇಲೆ ಗುತ್ಯಮ್ಮ ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

"ಅದು ಹೋಗ್ಲಿ. ಎರಡನೇ ರಿಂಗು ಎಂತಕೆ ಕೊಡ್ಲಿಲ್ಲ ನೀನು?"

"ಯಾವ ಎರಡನೇದು?"

"ಬೆಳಿಗ್ಗೆ ಒಂದು ಕೊಡ್ತಿದ್ದೆ. ಬುತ್ತಿ ಕಟ್ಟು ಅಂತ ತಾನೇ ಅದು? ಕಟ್ತಿದ್ದೆ. ಬರ್ತೀನಿ ಅಂತ ತಿರುಗಿ ಕೊಡ್ತಿದ್ದೆ. ಎಷ್ಟು ವರ್ಷ ಕೊಟ್ಟೆ? ಆಟೋ ನಮ್ಮ ಕ್ರಾಸ್ ದಾಟಿ ಹೋಗಾದು ಮನೆಗೇ ಕೇಳ್ತಿತ್ತು. ಎರಡನೇದು ಬಂದ್ರೆ ಓಡಿ ಬರಾಣ ಅಂತ ಚಪ್ಪಲಿ ಹಾಕ್ಯಂಡು ಕೂತಿರ್ತಿದ್ದೆ. ಆಟೋ ಸದ್ದು ಹೋದ್ಮೇಲೆ ಬುತ್ತಿ ಬಿಚ್ಚಿ ಮನೇಲೇ ಉಂತಿದ್ದೆ."

ಬಸಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಇಷ್ಟು ಹೊತ್ತು ಕಥೆ ಕೇಳುತ್ತಿದ್ದ ನನಗೂ ಇದು ಹೊಳೆದಿರಲಿಲ್ಲ. ತಿರುಗಿ ಮಿಸ್ಡ್ ಕಾಲ್ ಕೊಟ್ಟರೆ ಬರುತ್ತೇನೆ ಎಂದರ್ಥ. ಆ ಕ್ರಮ ಮಾಡಿದವಳೇ ಬಸಕ್ಕ. ಗುಂಪಿನ ಯಾರು ಕೊಟ್ಟಿದ್ದರೂ ಅವಳು ಹಾಗೆಯೇ ತಿಳಿಯುತ್ತಿದ್ದಳು, ಗುತ್ಯಮ್ಮನದೊಂದನ್ನು ಬಿಟ್ಟು.

"ಹೆದರಿದ್ದೆ ಕಣೇ. ಎರಡನೇದು ಕೊಟ್ಟು, ಆಟೋ ಕ್ರಾಸಿನಲ್ಲಿ ನಿಂತು, ನೀನು ಬರ್ದೇ ಹೋದ್ರೆ? ಎಲ್ರ ಎದುರಿಗೆ ನನ್ನ ಮುಖ ಏನಾಗ್ಬೇಕು?"

"ಎಲ್ರ ಎದುರಿಗೆ ನನ್ನ ಮುಖ ಏನಾಗಿತ್ತು?"

ಬಸಕ್ಕ ಸದ್ದಿಲ್ಲದೆ ಅಳುತ್ತಿದ್ದಳು. ಅತ್ತ ಕಡೆ ಗುತ್ಯಮ್ಮ ಮೂಗೆಳೆದುಕೊಂಡದ್ದು ಆ ಹಾಳು ಸ್ಪೀಕರಿನಲ್ಲಿ ಅಂಗಡಿಗೆಲ್ಲ ಕೇಳಿಸಿತು. ನಾನು ಬೇಡದ ಬ್ರಶ್ಶೊಂದನ್ನು ಹಿಡಿದುಕೊಂಡು ಸತ್ತ ಬೋರ್ಡನ್ನು ಸುಮ್ಮನೆ ಉಜ್ಜುತ್ತ ಕೂತೆ. ನನ್ನ ಕಣ್ಣೂ ಮಂಜಾಗಿತ್ತು, ಯಾವ ಚಿಪ್ಪು ಎಲ್ಲಿದೆ ಕಾಣುತ್ತಿರಲಿಲ್ಲ.

"ಎಲ್ಲಿದೀಯ ಈಗ?" ಎಂದು ಗುತ್ಯಮ್ಮ ಕೇಳಿದಳು.

"ಶಿರಾಳಕೊಪ್ಪದಲ್ಲಿ. ಬಸ್ ಸ್ಟ್ಯಾಂಡ್ ಎದುರಿಗೆ, ಮೈತ್ರಿ ಅಂಗಡೀಲಿ."

"ಫೋನ್ ಇಡು. ಇಟ್ಟು ಒಂದು ರಿಂಗು ಕೊಡು."

ಬಸಕ್ಕ ಫೋನಿಟ್ಟಳು. ಸೆರಗಿನಿಂದ ಕಣ್ಣೊರೆಸಿ, ಮೂಗೊರೆಸಿ, ಹಸಿರು ಬಟನ್ ಒತ್ತಿದಳು. ಒಂದು ರಿಂಗು ಹೋಯಿತು. ಕಟ್ ಮಾಡಿದಳು. ಆಮೇಲೆ ಸ್ಟೂಲನ್ನು ಬಾಗಿಲ ಹತ್ತಿರ ಎಳೆದುಕೊಂಡು, ಸೊರಬದ ಬಸ್ಸು ಬರುವ ಕಡೆ ಮುಖ ಮಾಡಿ ಕೂತಳು.

ನಾನು ಫೋನಿನ ಮೇಲೇ ಕಣ್ಣಿಟ್ಟು ಕಾದೆ. ಅದು ಸುಮ್ಮನೆ ಬಿದ್ದಿತ್ತು.

"ತಿರುಗಿ ಬರ್ಲಿಲ್ವಲ್ಲ ಬಸಕ್ಕಾ?" ಎಂದೆ.

ಬಸಕ್ಕ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ಎರಡನೇದಕ್ಕೆ ಯಾರೂ ತಿರುಗಿ ಕೊಡಲ್ಲ ಮಗಾ. ಎದ್ದು ಬರ್ತಾರೆ."